ಶೋಕದ ಮನೆಯಲ್ಲಿ ‘ಮೈಸೂರು ಮಲ್ಲಿಗೆ’

ಮಡದಿಯನ್ನು ಕಳೆದುಕೊಂಡವನ ಕೈಗೆ ಬಂಧುಗಳು ‘ಮಂಕುತಿಮ್ಮನ ಕಗ್ಗ’ವನ್ನು ಕೊಡುವುದುಂಟು. ದೊಡ್ಡ ಕೃತಿ, ನಿಜ. ಆದರೆ ಆ ಹೊತ್ತಿಗೆ ಬುದ್ಧಿಮಾತು ಹಿಡಿಸದು. ಬಸರಾಳಿನಲ್ಲಿ ತಿಂಗಳುಗಟ್ಟಲೆ ಪುಸ್ತಕ ಮುಟ್ಟದಿದ್ದ ನನ್ನನ್ನು ಓದಿಗೆ ಮರಳಿಸಿದ್ದು ನಮ್ಮದೇ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942). ಅದು ನವದಂಪತಿಗಳ ಪುಸ್ತಕವೆಂಬುದು ಅರ್ಧಸತ್ಯ. ‘ರಾಯರು ಬಂದರು’ ಕವಿತೆಯನ್ನೇ ನೋಡಿ. ಮಾವನ ಮನೆಯಲ್ಲಿ ಉಪಚಾರಕ್ಕೆ ಕೊರತೆಯಿಲ್ಲ. ಪದುಮ ಮಾತ್ರ ಕಣ್ಣಿಗೆ ಬೀಳಳು. ತರಗತಿಯಲ್ಲಿ ಇದನ್ನು ನಗುನಗುತ್ತ ಪಾಠ ಹೇಳಿದ್ದೇನೆ. ಇಲ್ಲದವಳೇ ಮನೆಯನ್ನೆಲ್ಲ ತುಂಬಿಕೊಳ್ಳುವ ಬಗೆ ಈಗ ಕಂಡಿತು. ಕಡೆಗೆ ಕವಿ ಅವಳನ್ನು ಹೂ ಮುಡಿಸಿ ಕರೆತರುತ್ತಾರೆ. ಆ ಪದ್ಯ ಮೊದಲ ದಿನ ಇರಿಯಿತು. ಮರುದಿನ ಅದನ್ನೇ ಕೇಳಬೇಕೆನಿಸಿ, ಗಟ್ಟಿಯಾಗಿ ಓದಿಕೊಂಡೆ.