‘ಆಡ್ತೀಯಾ?’ ಎಂದು ಅವನನ್ನೇ ಕೇಳಬೇಡಿ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಶೇಂಗಾ ಕಿತ್ತು, ಹೊಟ್ಟಿನ ಬಣವೆ ಹಾಕಿದ ಮೇಲೆ ಕಬಡ್ಡಿಯ ಸುಗ್ಗಿ. ಸಿದ್ದಾಪುರಕ್ಕೆ ಹೊರಗಿನವರು ಬರುವುದು ಅಶೋಕನ ಶಾಸನ ನೋಡಲು. ನನ್ನಂಥವರಿಗೆ ಬಯಲಲ್ಲಿ ಕಂಬ ನೆಟ್ಟು ದೀಪ ಕಟ್ಟಿದರೋ ಇಲ್ಲವೋ ಎಂಬುದೇ ದೊಡ್ಡ ಸುದ್ದಿ. ಹೊನಲು ಬೆಳಕಿನ ಪಂದ್ಯಾವಳಿ ರಾತ್ರಿ ಎಂಟಕ್ಕೆ ಎಂದು ಕರಪತ್ರದಲ್ಲಿರುತ್ತದೆ. ಹತ್ತಕ್ಕೆ ಶುರುವಾಗುತ್ತದೆ. ಫೈನಲ್ ಮುಗಿಯುವ ಹೊತ್ತಿಗೆ ಹಾಲಿನ ಗಾಡಿ ಊರು ಹೊಕ್ಕಿರುತ್ತದೆ. ಗೆದ್ದ ತಂಡ ಆ ಒಂದೇ ರಾತ್ರಿಯಲ್ಲಿ ನಾಲ್ಕೈದು ಪಂದ್ಯ ಆಡಿ ಮುಗಿಸಿರುತ್ತದೆ.

ಕ್ವಾರ್ಟರ್ ಫೈನಲ್‌ನಲ್ಲಿ ಒಳ್ಳೆಯ ರೈಡರ್ ಒಬ್ಬ ಮಂಡಿ ಹಿಡಿದು ಕೂತ ಎನ್ನಿ. ಒಬ್ಬ ಓಡಿಬಂದು ಸ್ಪ್ರೇ ಹೊಡೆಯುತ್ತಾನೆ, ಇನ್ನೊಬ್ಬ ಪಾದ ಹಿಡಿದು ಜಗ್ಗುತ್ತಾನೆ, ಮತ್ತೊಬ್ಬ ಕ್ರೇಪ್ ಬ್ಯಾಂಡೇಜ್ ಸುತ್ತುತ್ತಾನೆ. ಕೊನೆಗೆ ಕ್ಯಾಪ್ಟನ್ ಬಗ್ಗಿ ಕೇಳುತ್ತಾನೆ: ‘ಆಡ್ತೀಯೇನಲೇ?’ ಉತ್ತರ ಎಲ್ಲರಿಗೂ ಗೊತ್ತು: ‘ಆಡ್ತೀನಿ ಬಿಡಣ್ಣ.’ ಜನ ಶಿಳ್ಳೆ ಹೊಡೆಯುತ್ತಾರೆ, ಮೈಕಿನವನು ಗಂಡೆದೆ ಎಂದು ಹೊಗಳುತ್ತಾನೆ.

ನನ್ನ ತಕರಾರು ಇರುವುದು ಆ ಪ್ರಶ್ನೆಯ ಬಗ್ಗೆಯೇ. ಆಟಗಾರ ಆಡಬೇಕೋ ಕೂರಬೇಕೋ ಎಂಬುದನ್ನು ಆಟಗಾರನ ಬಾಯಿಂದಲೇ ತೀರ್ಮಾನಿಸುವುದು ನಮ್ಮ ಕ್ರೀಡೆಯ ದೊಡ್ಡ ದೌರ್ಬಲ್ಯ. ಅವನ ಮೈ ಬಿಸಿಯಾಗಿರುತ್ತದೆ, ನೋವು ಇನ್ನೂ ಪೂರ್ತಿ ಗೊತ್ತಾಗಿರುವುದಿಲ್ಲ, ಊರ ಜನ ನೋಡುತ್ತಿರುತ್ತಾರೆ. ಅಂಥವನು ‘ಇಲ್ಲ’ ಎನ್ನುವುದುಂಟೇ?

ವಿಶ್ರಾಂತಿಯ ಮಾತು ಬಂದರೆ ನಮ್ಮ ಕಟ್ಟೆಯ ಮೇಲೆ ಈಗ ಎಲ್ಲರೂ ಎತ್ತುವುದು 2025ರ ಇಂಗ್ಲೆಂಡ್ ಪ್ರವಾಸವನ್ನು. ಜಸ್‌ಪ್ರೀತ್ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡುವುದೆಂದು ಮೊದಲೇ ನಿಗದಿಯಾಗಿತ್ತು. 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದ್ದ, 2025ರ ಜನವರಿಯಲ್ಲಿ ಸಿಡ್ನಿಯಲ್ಲಿ ಅದೇ ಬೆನ್ನು ಮತ್ತೆ ಕೈಕೊಟ್ಟಿದ್ದ ಬೌಲರ್ ಅವರು. ಭಾರತ ಗೆದ್ದ ಎರಡು ಟೆಸ್ಟ್‌ಗಳೂ ಅವರಿಲ್ಲದೆ ಗೆದ್ದವೇ ಆದವು. ಅತ್ತ ಮೊಹಮ್ಮದ್ ಸಿರಾಜ್ ಐದೂ ಟೆಸ್ಟ್ ಆಡಿ 23 ವಿಕೆಟ್ ಕಿತ್ತು, ಕೊನೆಯ ದಿನ ಓವಲ್‌ನಲ್ಲಿ ಆರು ರನ್ನಿನ ಗೆಲುವು ತಂದುಕೊಟ್ಟರು. ವರ್ಕ್‌ಲೋಡ್ ಎಂಬ ಮಾತನ್ನೇ ಭಾರತೀಯ ಕ್ರಿಕೆಟ್ ಮರೆಯಬೇಕು ಎಂಬರ್ಥದಲ್ಲಿ ಸುನಿಲ್ ಗಾವಸ್ಕರ್ ಅವರೂ ಹೇಳಿಬಿಟ್ಟರು. ಅಲ್ಲಿಗೆ ವಿಶ್ರಾಂತಿ ಎಂದರೆ ಸೋಮಾರಿತನ ಎಂಬ ತೀರ್ಪು ಹೊರಬಿದ್ದಂತಾಯಿತು.

ಆದರೆ ಅದೇ ಓವಲ್ ಪಂದ್ಯದ ಸ್ಕೋರ್ ಕಾರ್ಡನ್ನು ಇನ್ನೊಮ್ಮೆ ನೋಡಿ. ಸಿರಾಜ್ ಜೊತೆ ಎರಡೂ ಇನಿಂಗ್ಸ್‌ನಲ್ಲಿ ತಲಾ ನಾಲ್ಕು ವಿಕೆಟ್ ತೆಗೆದವರು ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ. ಆ ಎಂಟು ವಿಕೆಟ್‌ಗಳ ಹಿಂದೆ ದೀರ್ಘ ವಿಶ್ರಾಂತಿಯ ಕಥೆಯಿದೆ. 2022ರಲ್ಲಿ ಅವರ ಬೆನ್ನಿನ ಕೆಳಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಕಾಣಿಸಿಕೊಂಡಿತು. ಮರುವರ್ಷ ಶಸ್ತ್ರಚಿಕಿತ್ಸೆಯಾಯಿತು. ಸುಮಾರು ಒಂದು ವರ್ಷ ಆಟದಿಂದ ಹೊರಗಿದ್ದು 2023ರ ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಮರಳಿದರು. 2024ರ ಆರಂಭದಲ್ಲಿ ರಣಜಿ ಪಂದ್ಯವೊಂದರಲ್ಲಿ ತೊಡೆಯ ಸ್ನಾಯುವಿಗೆ ಪೆಟ್ಟಾಗಿ ಮತ್ತೆ ಶಸ್ತ್ರಚಿಕಿತ್ಸೆ. ಸಾಲಾಗಿ ಎರಡು ಐಪಿಎಲ್ ಕೈತಪ್ಪಿದವು. ಮೂರನೆಯದಕ್ಕೆ, ಅಂದರೆ 2025ಕ್ಕೆ, ಬಂದವರು 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ತೊಟ್ಟರು.

ಸ್ಟ್ರೆಸ್ ಫ್ರ್ಯಾಕ್ಚರ್ ಎಂದರೆ ಬಿದ್ದು ಮುರಿಯುವ ಮೂಳೆಯಲ್ಲ. ವೇಗಿಯ ಮುಂಗಾಲು ಕ್ರೀಸಿಗೆ ಅಪ್ಪಳಿಸಿದಾಗ ಅವನ ಮೈತೂಕದ ಹಲವು ಪಟ್ಟು ಭಾರ ಕಾಲಿನಿಂದ ಮೇಲೇರುತ್ತದೆ. ಅದೇ ಕ್ಷಣ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಬೆನ್ನುಮೂಳೆಯ ಹಿಂಬದಿಯ ಸಣ್ಣ ಎಲುಬಿನ ಮೇಲೆ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಬಿಡುವು ಸಿಕ್ಕರೆ ಮೂಳೆ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಸಿಗದಿದ್ದರೆ ಬಿರುಕಿಗೆ ಬಿರುಕು ಸೇರುತ್ತದೆ. ಆರಂಭದಲ್ಲಿ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಕಾಣುವುದಿಲ್ಲ, ಎಂಆರ್‌ಐ ಮಾಡಿಸಬೇಕು. ಬೌಲರ್‌ಗೆ ಗೊತ್ತಾಗುವುದು ಸೊಂಟದ ಒಂದು ಬದಿಯ ಸಣ್ಣ ನೋವು ಮಾತ್ರ. ಅವನನ್ನು ‘ಹಾಕ್ತೀಯಾ?’ ಎಂದು ಕೇಳಿದರೆ ‘ಹಾಕ್ತೀನಿ’ ಎಂದೇ ಹೇಳುತ್ತಾನೆ. ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ, ಅವನಿಗೆ ನಿಜಕ್ಕೂ ತಿಳಿದಿರುವುದಿಲ್ಲ.

ಗುಣವಾದ ಮೇಲೂ ನೇರವಾಗಿ ಚೆಂಡು ಕೊಡುವುದಿಲ್ಲ. ಮೊದಲು ನಡೆದುಬಂದು ಎಸೆಯಬೇಕು, ಆಮೇಲೆ ಅರ್ಧ ಓಟ, ಆಮೇಲೆ ಪೂರ್ತಿ ಓಟ, ವಾರಕ್ಕೆ ಇಷ್ಟೇ ಚೆಂಡು ಎಂಬ ಲೆಕ್ಕ ಬೇರೆ. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ನಡೆಯುತ್ತಿದ್ದ ಈ ಕೆಲಸ 2024ರ ಸೆಪ್ಟೆಂಬರ್‌ನಿಂದ ವಿಮಾನ ನಿಲ್ದಾಣದ ಕಡೆಯ ಹೊಸ ಸೆಂಟರ್ ಆಫ್ ಎಕ್ಸಲೆನ್ಸ್‌ಗೆ ಹೋಗಿದೆ. ದೇಶದ ಗಾಯಾಳು ಕ್ರಿಕೆಟಿಗರೆಲ್ಲ ಹಾಯುವ ಬಾಗಿಲು ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿಂದ ಫಿಟ್ ಎಂಬ ಮಾತು ಬರುವವರೆಗೆ ಎಂಥ ಸ್ಟಾರ್ ಆದರೂ ಕಾಯಬೇಕು. 2023ರ ಮೇ ತಿಂಗಳಲ್ಲಿ ತೊಡೆಯ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆ.ಎಲ್. ರಾಹುಲ್ ಹಾಗೇ ಕಾದರು. ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಮರಳಿದ ಪಂದ್ಯದಲ್ಲೇ ಅಜೇಯ 111 ಹೊಡೆದರು.

ಇಷ್ಟಾದರೂ ನಮ್ಮ ನೆನಪಿನಲ್ಲಿ ಉಳಿಯುವುದು ಬೇರೆಯೇ ಚಿತ್ರ. ಅನಿಲ್ ಕುಂಬ್ಳೆ ಎಂದ ಕೂಡಲೇ 2002ರ ಆಂಟಿಗುವಾ: ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಬ್ರಿಯಾನ್ ಲಾರಾ ಅವರನ್ನು ಔಟ್ ಮಾಡಿದ್ದು. ಅದಕ್ಕೆ ಕೈ ಮುಗಿಯೋಣ. ಆದರೆ ಅದಕ್ಕೂ ಹಿಂದಿನ ವರ್ಷದ ಕುಂಬ್ಳೆ ಯಾರಿಗೆ ನೆನಪಿದೆ? 2001ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಹೊರಗೆ ಕೂತಿದ್ದರು. ಆಸ್ಟ್ರೇಲಿಯಾ ವಿರುದ್ಧದ ಆ ಐತಿಹಾಸಿಕ ಸರಣಿಯನ್ನೇ ಕಳೆದುಕೊಂಡರು. ಅವರ ಗೈರಿನಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದು ಮೆರೆದರು. ಆಗ ಮೂವತ್ತರ ಕುಂಬ್ಳೆಯ ಕಥೆ ಮುಗಿಯಿತು ಎಂದವರಿದ್ದರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಭುಜ ಗುಣವಾದ ಮೇಲೆ. ದವಡೆಗೆ ಕಟ್ಟಿದ ಪಟ್ಟಿ ಒಂದು ಸಂಜೆಯ ಸಾಹಸ, ಭುಜಕ್ಕೆ ಕೊಟ್ಟ ಬಿಡುವು ಮುಂದಿನ ಏಳು ವರ್ಷಗಳ ಬಂಡವಾಳ. 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡ ಜಾವಗಲ್ ಶ್ರೀನಾಥ್ ಕೂಡ ಚೇತರಿಸಿಕೊಂಡು ಬಂದು 2003ರ ವಿಶ್ವಕಪ್ ಫೈನಲ್‌ವರೆಗೆ ಬೌಲ್ ಮಾಡಿದರು.

ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗಿನವರು. ಅದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ಅಂಡಾಕಾರದ ಮೈದಾನ, ತಂಡಕ್ಕೆ 18 ಜನ. ಒಬ್ಬೊಬ್ಬ ಆಟಗಾರ ಪಂದ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಓಡುತ್ತಾನೆ, ನಡುವೆ ಗುದ್ದಾಟ, ಎತ್ತರಕ್ಕೆ ಜಿಗಿತ. ಯಾರಿಗೆ ಏನಾಗಿದೆ, ಎಷ್ಟು ವಾರ ಬೇಕು ಎಂಬ ಪಟ್ಟಿ ವಾರವಾರವೂ ಹೊರಬರುತ್ತದೆ. ಅಭಿಮಾನಿಗಳು ಅದನ್ನು ನಾವು ಮಳೆ ವರದಿ ಓದಿದಂತೆ ಓದುತ್ತಾರೆ. ಆಟಗಾರನಿಗೆ ಗಾಯವೇನೂ ಇಲ್ಲದಿದ್ದರೂ ದಣಿದಿದ್ದಾನೆ ಎಂದು ಒಂದು ವಾರ ಕೂರಿಸುವುದು ಅಲ್ಲಿ ಮಾಮೂಲು. ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆಗಿದೆ ಎಂದು ವೈದ್ಯರು ಹೇಳಿದರೆ ಮುಗಿಯಿತು, ಹನ್ನೆರಡು ದಿನಕ್ಕೆ ಮುಂಚೆ ಅವನು ಆಡುವಂತಿಲ್ಲ. ಅಂದರೆ ಮುಂದಿನ ವಾರದ ಪಂದ್ಯ ಹೋದಂತೆಯೇ. ಅದು ಫೈನಲ್ ಆಗಿದ್ದರೂ ಅಷ್ಟೆ. ಆಟಗಾರನನ್ನಾಗಲಿ ಕೋಚನ್ನಾಗಲಿ ‘ಏನಂತೀರಿ?’ ಎಂದು ಕೇಳುವ ಪದ್ಧತಿಯೇ ಇಲ್ಲ.

ಕಬಡ್ಡಿಗೆ ಬರೋಣ. 2022ರ ಅಕ್ಟೋಬರ್, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಬೆಂಗಳೂರು ಬುಲ್ಸ್‌ಗೆ ಒಮ್ಮೆ ಕಪ್ ಗೆಲ್ಲಿಸಿಕೊಟ್ಟಿದ್ದ ಪವನ್ ಸೆಹ್ರಾವತ್ ಆ ವರ್ಷ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾಗಿದ್ದರು. ಮೊದಲ ಪಂದ್ಯದಲ್ಲೇ ಎದುರಾಳಿ ರೈಡರ್‌ನನ್ನು ಹಿಡಿಯಲು ಹೋಗಿ ಮಂಡಿ ತಿರುಚಿತು. ಸ್ಟ್ರೆಚರ್ ಬಂತು, ಇಡೀ ಸೀಸನ್ ಹೋಯಿತು. ಅತಿ ದೊಡ್ಡ ಹಣ ಸುರಿದ ತಂಡಕ್ಕೆ ಸಿಡಿಲು ಬಡಿದಂತಾಗಬೇಕಿತ್ತು. ಆದದ್ದೇನು? ಹೊಸ ಹುಡುಗ ನರೇಂದರ್ ಆ ಜಾಗ ತುಂಬಿ ಇನ್ನೂರಕ್ಕೂ ಹೆಚ್ಚು ರೈಡ್ ಅಂಕ ತಂದ, ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ಕಂಡಿತು. ಪವನ್ ಮಂಡಿ ಸರಿಮಾಡಿಕೊಂಡು ಬಂದು, ಮುಂದಿನ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಾಯಕರಾಗಿ ಚಿನ್ನ ಗೆದ್ದರು. ಸ್ಟಾರ್ ಕೂತರೆ ತಂಡ ಮುಳುಗುವುದಿಲ್ಲ ಎಂಬುದಕ್ಕೂ, ಕೂತವನು ಮುಗಿದುಹೋಗುವುದಿಲ್ಲ ಎಂಬುದಕ್ಕೂ ಇದೊಂದೇ ಸಾಕ್ಷಿ ಸಾಕು.

ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಇದೆ. ಪಾದ ನೆಲದಲ್ಲಿ ಊರಿ ನಿಂತಿದ್ದಾಗ ಮೈ ಗಿರಕ್ಕನೆ ತಿರುಗಿದರೆ ಅದು ಹರಿಯುತ್ತದೆ. ರೈಡರ್ ಕೈ ಚಾಚಿ ಹಿಂದಿರುಗುವಾಗ ಕಾರ್ನರ್‌ನವನು ಆಂಕಲ್ ಹಿಡಿದರೆ ಆಗುವುದು ಅದೇ. ಮ್ಯಾಟ್ ಮೇಲೆ ಶೂ ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದ ಅಪಾಯ ಇನ್ನೂ ಹೆಚ್ಚು. ‘ಟಪ್’ ಎಂದು ಸದ್ದು ಬಂತು ಎನ್ನುತ್ತಾರೆ ಹುಡುಗರು. ಒಂದೆರಡು ಗಂಟೆಯಲ್ಲಿ ಮಂಡಿ ಊದುತ್ತದೆ. ವಾರ ಎರಡು ವಾರದಲ್ಲಿ ಊತ ಇಳಿದು, ನೆಟ್ಟಗೆ ನಡೆಯಲು ಬಂದಾಗ ವಾಸಿಯಾಯಿತೆಂದು ಮತ್ತೆ ಅಂಕಣಕ್ಕಿಳಿಯುತ್ತಾರೆ. ನೇರ ನಡಿಗೆಗೆ ಆ ಕಟ್ಟು ಅಷ್ಟಾಗಿ ಬೇಕಿಲ್ಲ, ತಿರುಗಲು ಬೇಕು. ಮೊದಲ ಗಟ್ಟಿ ತಿರುವಿನಲ್ಲೇ ಮಂಡಿ ಜಾರಿ ಒಳಗಿನ ಮೆತ್ತೆಯೂ ಹರಿಯುತ್ತದೆ. ಶಸ್ತ್ರಚಿಕಿತ್ಸೆ ಆದವರಲ್ಲೂ ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕಿಳಿದವರಿಗೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚು ಎಂಬುದು ಕ್ರೀಡಾ ವೈದ್ಯರ ಅನುಭವ.

ನಮ್ಮ ಭಾಗದ ಹುಡುಗರಿಗೆ ಇನ್ನೊಂದು ಕಷ್ಟವಿದೆ. ದುಡಿಮೆಯ ಹೊರೆ ಸ್ನಾಯುವನ್ನು ಕೆಡಿಸುವುದು ಕಡಿಮೆ, ಹೊರೆ ದಿಢೀರನೆ ಏರುವುದೇ ಕೆಡಿಸುವುದು ಎಂದು ಆಸ್ಟ್ರೇಲಿಯಾದ ಟಿಮ್ ಗ್ಯಾಬೆಟ್ 2016ರಲ್ಲಿ ವಾದಿಸಿದರು. ಅವರ ಲೆಕ್ಕಾಚಾರದ ಸೂತ್ರದ ಬಗ್ಗೆ ಪಂಡಿತರಲ್ಲಿ ಜಗಳವಿದೆ, ಆದರೆ ಮೂಲ ಮಾತನ್ನು ಹೊಲದಲ್ಲಿ ದುಡಿದವರು ಯಾರೂ ಅಲ್ಲಗಳೆಯಲಾರರು. ನಮ್ಮ ಹುಡುಗ ಆರು ತಿಂಗಳು ಕಬಡ್ಡಿ ಮುಟ್ಟಿರುವುದಿಲ್ಲ. ಬೆಂಗಳೂರಿನಲ್ಲಿ ಡ್ರೈವರ್ ಕೆಲಸ, ಇಲ್ಲವೇ ಚಳ್ಳಕೆರೆಯ ಮಂಡಿಯಲ್ಲಿ ಮೂಟೆ. ಪಂದ್ಯದ ಹಿಂದಿನ ದಿನ ಬಸ್ಸಿಳಿದು, ಬೆಳಗಿನವರೆಗೆ ಐದು ಪಂದ್ಯ ಆಡುತ್ತಾನೆ. ಮೂರನೆಯ ಪಂದ್ಯಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಾಲ್ಕನೆಯದಕ್ಕೆ ಹಿಂದೊಡೆ. ಐದನೆಯದಕ್ಕೆ ಅವನ ಕಾಲು ಅವನ ಮಾತು ಕೇಳುವುದಿಲ್ಲ. ದೊಡ್ಡ ಪೆಟ್ಟುಗಳು ಬೀಳುವ ಹೊತ್ತು ಅದು.

ಬಿಡುವಿನ ಅರ್ಥ ತಿಳಿಯದ ಸೀಮೆಯೇನಲ್ಲ ಇದು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬ ನೇಮವನ್ನು ನಮ್ಮ ಹಿರಿಯರು ಹದ ತಪ್ಪುವ ದಿನಗಳಲ್ಲೂ ಮುರಿಯಲಿಲ್ಲ. ‘ಇವತ್ತು ಹೂಡಲೇ?’ ಎಂದು ಎತ್ತನ್ನು ಕೇಳಲೂ ಇಲ್ಲ. ಎತ್ತಿಗೆ ಕೊಟ್ಟ ಮರ್ಯಾದೆಯನ್ನು ಊರ ರೈಡರ್‌ಗೆ ಏಕೆ ಕೊಡಬಾರದು?

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಬುಮ್ರಾ ಕೂತರೂ ಸಂಬಳ ಬರುತ್ತದೆ, ಊರ ಹುಡುಗನಿಗೆ ಬರುವುದಿಲ್ಲ. ಬಹುಮಾನದ ಹಣದಲ್ಲಿ ಅವನ ಪಾಲು ಆಡಿದರೆ ಮಾತ್ರ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲಾಖೆಗೋ ರೈಲ್ವೆಗೋ ಸೇರುವ ಆಸೆಯಿಂದ ಆಯ್ಕೆ ದಿನ ಮಂಡಿಗೆ ಪಟ್ಟಿ ಕಟ್ಟಿ, ಮೇಲೆ ಪ್ಯಾಂಟ್ ಎಳೆದುಕೊಂಡು ಹೋಗುವವರನ್ನು ನೋಡಿದ್ದೇನೆ. ಗಾಯ ಮುಚ್ಚಿಡುವುದು ಅವರ ಪಾಲಿಗೆ ಹೊಟ್ಟೆಪಾಡು. ಅದಕ್ಕೇ ತೀರ್ಮಾನದ ಹೊಣೆಯನ್ನು ಅವರ ತಲೆಯ ಮೇಲೆ ಹೊರಿಸಬಾರದು ಎನ್ನುವುದು. ‘ನಾನೇ ಕೂತೆ’ ಎನ್ನಲು ಬಡವನಿಗೆ ಆಗುವುದಿಲ್ಲ. ‘ಅವರು ಕೂರಿಸಿದರು’ ಎನ್ನಲು ಆಗುತ್ತದೆ.

ಈ ಸಲ ಪಂದ್ಯಾವಳಿ ನಡೆಸುವ ಯುವಕ ಸಂಘಗಳಲ್ಲಿ ನನ್ನ ಮನವಿ ಸಣ್ಣದು. ಒಂದು ರಾತ್ರಿಯ ಪಂದ್ಯಾವಳಿಯನ್ನು ಎರಡು ರಾತ್ರಿ ಮಾಡಿ. ಒಂದು ತಂಡಕ್ಕೆ ರಾತ್ರಿಗೆ ಮೂರಕ್ಕಿಂತ ಹೆಚ್ಚು ಪಂದ್ಯ ಬೇಡ. ಏಳು ಜನ ಆಡಿದರೂ ತಂಡಕ್ಕೆ ಹನ್ನೆರಡು ಜನರಿರುತ್ತಾರೆ. ಗೆದ್ದ ತಂಡಕ್ಕೆ ಕೊಡುವ ಹಣ ಹನ್ನೆರಡು ಪಾಲಾಗಲಿ, ಹೊರಗೆ ಕೂತವನ ಪಾಲಿಗೆ ಕತ್ತರಿ ಬೀಳದಿರಲಿ. ಬ್ಯಾನರ್, ಮೈಕ್, ಅತಿಥಿಗಳ ಶಾಲು ಹಾರಕ್ಕೆ ಆಗುವ ಖರ್ಚಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನೋ, ತಾಲ್ಲೂಕು ಆಸ್ಪತ್ರೆಯ ಕಡೆಯಿಂದ ಒಬ್ಬರು ತಿಳಿದವರನ್ನೋ ಕರೆಸಲು ಸಾಧ್ಯವಿದೆ. ಊದಿದ ಕಾಲನ್ನು ಜಗ್ಗಬೇಡಿ, ಉಜ್ಜಬೇಡಿ. ಐಸ್ ಇಟ್ಟು, ಕಾಲೆತ್ತಿ ಮಲಗಿಸಿ. ತಲೆಗೆ ಪೆಟ್ಟಾಗಿ ಒಂದು ಕ್ಷಣ ಮಂಕಾದವನನ್ನು ಆ ರಾತ್ರಿ ಮತ್ತೆ ಒಳಗೆ ಬಿಡಲೇಬೇಡಿ.

ಕರಪತ್ರದಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಸಾಲು ಹೇಗೂ ಇರುತ್ತದೆ. ಅದರ ಕೆಳಗೆ ಇನ್ನೊಂದನ್ನು ಅಚ್ಚು ಹಾಕಿಸಿ: ‘ಗಾಯಗೊಂಡ ಆಟಗಾರ ಆಡಬೇಕೇ ಬೇಡವೇ ಎಂಬುದರಲ್ಲಿ ವೈದ್ಯರ ಮಾತೇ ಅಂತಿಮ, ಆಟಗಾರನದ್ದಲ್ಲ.’