ಫುಗಡಿಯಲ್ಲಿ ನಾದ ಮತ್ತು ಚಲನೆ

ನೃತ್ಯದಲ್ಲಿ ನಾದವು ಚಲನೆಯನ್ನು ನಡೆಸುವುದೋ, ಚಲನೆಯೇ ನಾದವನ್ನು ಹುಟ್ಟಿಸುವುದೋ ಎಂಬುದು ರಸಿಕರಲ್ಲಿ ಬಹುಕಾಲದಿಂದ ಚರ್ಚಿತವಾಗುತ್ತಿರುವ ವಿಷಯ. ಸಾಮಾನ್ಯವಾಗಿ ಶಾಸ್ತ್ರೀಯ ನೃತ್ಯಗಳನ್ನು ಮುಂದಿಟ್ಟುಕೊಂಡೇ ಈ ಚರ್ಚೆ ಸಾಗುತ್ತದೆ. ವಾದ್ಯವಿಲ್ಲದ, ವೇಷವಿಲ್ಲದ, ರಂಗಸ್ಥಳವನ್ನೂ ಬೇಡದ ಒಂದು ಕುಣಿತವು ಇದಕ್ಕೆ ಯಾವ ಉತ್ತರವನ್ನು ಕೊಡುತ್ತದೆಂದು ನೋಡುವುದು ನಮ್ಮ ಉದ್ದೇಶ. ಆ ಕುಣಿತವೇ ಫುಗಡಿ.

ಈ ವಿಚಾರಕ್ಕೆ ಗೋವೆಯ ಕೊರ್ತಾಲಿಮ್ ತಕ್ಕ ನೆಲೆ. ಝುವಾರಿ ನದಿಯ ದಕ್ಷಿಣ ದಂಡೆಯ ಈ ಊರನ್ನು ಕೊಂಕಣಿಗರು ಕುಠ್ಠಾಳಿ ಎನ್ನುತ್ತಾರೆ. ಹಳೆಯ ಹೆಸರು ಕುಶಸ್ಥಲಿ. ಇಲ್ಲಿದ್ದ ಮಂಗೇಶ ದೇವರನ್ನು ೧೫೬೦ರಲ್ಲಿ ಭಕ್ತರು ನದಿ ದಾಟಿಸಿ, ಆಗ ವಿಜಾಪುರದ ಆದಿಲಶಾಹಿಗೆ ಸೇರಿದ್ದ ಪ್ರಿಯೋಳಕ್ಕೆ ಒಯ್ದರು. ಅಂದು ಇಲ್ಲಿಯ ದೇವರು ವಿಜಾಪುರದ ಸೀಮೆಯಲ್ಲಿ ಆಶ್ರಯ ಪಡೆದರೆ, ಇಂದು ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ದುಡಿಮೆಯನ್ನರಸಿ ಬಂದು ಹತ್ತಿರದ ಝುವಾರಿನಗರ, ವಾಸ್ಕೊಗಳಲ್ಲಿ ನೆಲೆಸಿವೆ. ಗೋವೆಯ ಹೆಂಗಸರು ಗಣೇಶನ ಚೌತಿಗೆ ಫುಗಡಿ ಆಡುತ್ತಾರೆ; ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನಾಗರಪಂಚಮಿಗೆ ಆಡುತ್ತಾರೆ. ಭಾಷೆ ಎರಡಾದರೂ ಹೆಸರು ಒಂದೇ, ಆಟದ ತತ್ತ್ವವೂ ಒಂದೇ. ಗೋವೆಯಲ್ಲಿ ಸುತ್ತುಗಟ್ಟಿ ಆಡುವ, ಸಾಲಾಗಿ ಆಡುವ ಬಗೆಗಳೂ ಉಂಟು. ಇಬ್ಬರು ಕೂಡಿ ಆಡುವ ಫುಗಡಿಯನ್ನಷ್ಟೇ ನಾವಿಲ್ಲಿ ಪರಿಶೀಲಿಸುತ್ತೇವೆ.

ಇಬ್ಬರು ಎದುರುಬದುರು ನಿಂತು, ಕಾಲ್ಬೆರಳುಗಳನ್ನು ಹತ್ತಿರ ತಂದು, ಕೈಗಳನ್ನು ಕತ್ತರಿಯಾಗಿ ಹಿಡಿದು, ಮೈಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಒಬ್ಬಳ ಭಾರವೇ ಇನ್ನೊಬ್ಬಳಿಗೆ ಆಧಾರ. ಮೊದಮೊದಲು ನಿಧಾನ, ಬಾಯಲ್ಲಿ ಹಾಡು ಇರುತ್ತದೆ. ತಿರುಗುವ ವೇಗ ಏರಿದಂತೆ ತೋಳುಗಳು ಬಿಗಿಯುತ್ತವೆ, ಎದೆ ಸೆಟೆಯುತ್ತದೆ, ಉದ್ದ ಸಾಲನ್ನು ಎಳೆದು ಹಾಡಲು ಉಸಿರು ಸಾಲದು. ಆಗ ಹಾಡು ತುಂಡಾಗಿ, ಕಡೆಗೆ ‘ಫೂ, ಫೂ’ ಎಂಬ ಉಸಿರಿನ ಸದ್ದಷ್ಟೇ ಉಳಿಯುತ್ತದೆ. ಆಟಕ್ಕೆ ಈ ಸದ್ದಿನಿಂದಲೇ ಹೆಸರು ಬಂದಿತೆಂದು ಹೇಳುವುದುಂಟು. ಆ ನಿರುಕ್ತ ನಿಲ್ಲಲಿ, ಬಿಡಲಿ, ಆಟದ ಮರ್ಮವನ್ನಂತೂ ಅದು ಸರಿಯಾಗಿ ಹಿಡಿದಿದೆ. ಉಸಿರು ಹೊರಬೀಳುವುದು ಹೆಜ್ಜೆ ನೆಲಕ್ಕೆ ಬೀಳುವ ಹೊತ್ತಿಗೆ. ಬಳೆಗಳ ಸದ್ದೂ ಅದೇ ಲಯಕ್ಕೆ ಸೇರಿಕೊಳ್ಳುತ್ತದೆ.

ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವಿದೆ. ಗರಗರನೆ ತಿರುಗುವವರಿಗೆ ಮನೆ, ಮರ, ನೋಡುವ ಜನ ಎಲ್ಲವೂ ಕಲಸಿಹೋಗುತ್ತವೆ. ಕಣ್ಣಿಗೆ ನಿಂತು ಕಾಣುವುದು ಎದುರಿನವಳ ಮುಖವೊಂದೇ. ಕಿವಿಗೆ ನಿಚ್ಚಳವಾಗುವುದು ಅವಳ ಉಸಿರೊಂದೇ. ಆ ಉಸಿರು ಬಿರುಸಾದರೆ ತಾನೂ ಬಿರುಸಾಗಬೇಕು, ಕುಂದಿದರೆ ತಾನೂ ಇಳಿಯಬೇಕು. ಹೀಗಿರಲು ಇಲ್ಲಿ ನಾದವು ಅಲಂಕಾರವಲ್ಲ. ಇಬ್ಬರೂ ಬೀಳದಂತೆ ಕಾಯುವ ಸಂದೇಶ.

ಮಹಾಲಕ್ಷ್ಮಿಯ ವ್ರತದಲ್ಲಿ ಗೋವೆಯ ಹೆಂಗಸರು ಆಡುವ ಕಳಶಿ ಫುಗಡಿಯು ಇದೇ ತತ್ತ್ವವನ್ನು ಮುಂದುವರಿಸುತ್ತದೆ. ಅಲ್ಲಿ ಕೈಯಲ್ಲಿ ಹಿಡಿದ ಬಿಂದಿಗೆಯ ಬಾಯಿಗೆ ಉಸಿರೂದಿ ನಾದ ಹೊರಡಿಸುತ್ತಾರೆ. ನೀರು ತರುವ ಪಾತ್ರೆಯೇ ಅಲ್ಲಿ ವಾದ್ಯ. ಆ ವಾದ್ಯವನ್ನು ನುಡಿಸುವವರು ಬದಿಗೆ ಕುಳಿತ ಬೇರೆಯವರಲ್ಲ, ಕುಣಿಯುವವರೇ ಎಂಬುದನ್ನು ಮರೆಯಬಾರದು.

ಇದನ್ನು ನಮ್ಮ ಯಕ್ಷಗಾನದೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತೆಂಕುತಿಟ್ಟಿನ ಧೀಂಗಿಣದಲ್ಲಿಯೂ ವೇಷಧಾರಿ ಗಿರ್ರನೆ ತಿರುಗುತ್ತಾನೆ. ಆದರೆ ಅವನನ್ನು ಹುರಿದುಂಬಿಸುವುದು ಚೆಂಡೆ. ಅವನ ಉಸಿರು ಪ್ರೇಕ್ಷಕನಿಗೆ ಕೇಳಿಸದು, ಕೇಳಿಸಲೂಬಾರದು. ಹಿಮ್ಮೇಳ ನಡೆಸುತ್ತದೆ, ಮುಮ್ಮೇಳ ನಡೆಯುತ್ತದೆ. ಪಳಗಿದ ಚೆಂಡೆಗಾರ ಹೆಜ್ಜೆಯನ್ನು ನೋಡಿ ನುಡಿಸುವನೆಂಬುದೂ ನಿಜ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ಬಿಟ್ಟು, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದು, ಈ ಸಂಬಂಧವನ್ನೇ ಹೊಸದಾಗಿ ಪರೀಕ್ಷಿಸಿದರು. ಆದರೂ ನಾದ ಒಂದು ಕಡೆ, ಕುಣಿತ ಇನ್ನೊಂದು ಕಡೆ ಎಂಬ ವಿಭಾಗ ಅಲ್ಲಿಯೂ ಉಳಿಯಿತು.

ಅಮೆರಿಕದ ಮರ್ಸ್ ಕನಿಂಗ್‌ಹ್ಯಾಮ್ ಮತ್ತು ಸಂಗೀತಕಾರ ಜಾನ್ ಕೇಜ್ ಈ ವಿಭಾಗವನ್ನು ತುದಿ ಮುಟ್ಟಿಸಿದವರು. ೧೯೫೩ರಲ್ಲಿ ಸ್ಥಾಪಿತವಾದ ಕನಿಂಗ್‌ಹ್ಯಾಮರ ನೃತ್ಯತಂಡ ೧೯೬೪ರ ತನ್ನ ಲೋಕಸಂಚಾರದಲ್ಲಿ ಭಾರತಕ್ಕೂ ಬಂದಿತ್ತು. ಅವರಲ್ಲಿ ಸಂಗೀತ ಬೇರೆಯಾಗಿ, ನೃತ್ಯ ಬೇರೆಯಾಗಿ ಸಿದ್ಧವಾಗುತ್ತಿತ್ತು. ಎರಡಕ್ಕೂ ಸಮಾನವಾಗಿದ್ದುದು ಕಾಲದ ಅಳತೆಯಷ್ಟೇ. ಯಕ್ಷಗಾನದಲ್ಲಿ ನಾದವು ಚಲನೆಯನ್ನು ನಡೆಸುತ್ತದೆ; ಕನಿಂಗ್‌ಹ್ಯಾಮರಲ್ಲಿ ಎರಡೂ ಸ್ವತಂತ್ರ; ಫುಗಡಿಯಲ್ಲಿ ಚಲನೆಯೇ ನಾದವನ್ನು ಹೆರುತ್ತದೆ, ಹುಟ್ಟಿದ ನಾದವು ಮರಳಿ ಚಲನೆಯನ್ನು ಕಾಯುತ್ತದೆ. ಈ ಮೂರನೆಯ ಬಗೆಗೆ ನಮ್ಮ ವಿಮರ್ಶೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದು ನಮ್ಮ ಅಭಿಪ್ರಾಯ.

ಫುಗಡಿ ಮಕ್ಕಳಾಟ, ಅದಕ್ಕೆ ಇಷ್ಟೊಂದು ಮೀಮಾಂಸೆ ಏಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಕ್ಕೆ ನಮ್ಮದೇ ತಪ್ಪೊಂದನ್ನು ಉತ್ತರವಾಗಿ ಒಪ್ಪಿಸುತ್ತೇವೆ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಾವು ಇಬ್ಬರು ಹುಡುಗಿಯರಿಂದ ಫುಗಡಿ ಆಡಿಸಿದೆವು. ರಂಗದ ಮೇಲೆ ಬರಿದೆನಿಸೀತೆಂದು ಧ್ವನಿವರ್ಧಕದಲ್ಲಿ ಮುದ್ರಿತ ಹಾಡು ಹಚ್ಚಿದೆವು. ಸಭಿಕರಿಗೆ ಮುಖ ಕಾಣಲೆಂದು ಆಗಾಗ ಒಂದು ಕೈ ಬಿಟ್ಟು ಹೊರಳಲು ಹೇಳಿಕೊಟ್ಟೆವು. ಹಾಡಿನ ವೇಗ ಗೊತ್ತುಮಾಡಿದ್ದು. ಅದು ಯಾರ ಉಸಿರಿಗೂ ಕಾಯಲಿಲ್ಲ. ಹುಡುಗಿಯರು ಪರಸ್ಪರ ಕೇಳಿಸಿಕೊಳ್ಳುವುದನ್ನು ಬಿಟ್ಟು ಹಾಡನ್ನು ಬೆನ್ನಟ್ಟಿದರು. ಬಹುಮಾನವೂ ಬಂದಿತು. ಆದರೆ ಪರದೆಯ ಹಿಂದೆ, ತಮ್ಮ ಸರದಿಯ ಮೊದಲು, ಅವರಿಬ್ಬರೂ ಸುಮ್ಮನೆ ಆಡಿಕೊಂಡ ಫುಗಡಿಯೇ ನಿಜವಾದುದಾಗಿತ್ತು. ಅದಕ್ಕೆ ನಾವು ‘ಗದ್ದಲ ಬೇಡ’ ಎಂದು ಗದರಿಸಿದ್ದೆವು.

ಗಡಿನಾಡಿನ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಜಾನಪದ ಸ್ಪರ್ಧೆಗಳಲ್ಲಿ ಫುಗಡಿಗೆ ಹೊರಗಿನ ಸಂಗೀತವನ್ನು ಕಟ್ಟದಿರೋಣ. ಮಕ್ಕಳನ್ನು ಅಂಗಳಕ್ಕಿಳಿಸಿ, ನೋಡುವವರನ್ನು ಸುತ್ತ ಹತ್ತಿರ ಕೂಡಿಸೋಣ. ಕನ್ನಡದ ಹುಡುಗಿಯೂ ಕೊಂಕಣಿಯ ಹುಡುಗಿಯೂ ಕೈ ಹಿಡಿದರೆ ಹಾಡಿನ ಭಾಷೆ ಯಾವುದಿರಬೇಕೆಂದು ಮೊದಲೆರಡು ಸುತ್ತಿನಲ್ಲಿ ಜಗಳವಾದೀತು. ಮೂರನೆಯ ಸುತ್ತಿಗೆ ಇಬ್ಬರ ಬಾಯಲ್ಲೂ ಉಳಿಯುವುದು ಉಸಿರೊಂದೇ. ಅದನ್ನು ಕೇಳಿಸಿಕೊಳ್ಳುವ ಕಿವಿ ನಮಗಿರಲಿ.