‘ಬ್ರಹ್ಮಾಂಡ’ ಶಬ್ದವೂ ವಿಶ್ವದ ವಿಸ್ತರಣವೂ

ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿ, ಶಾಸ್ತ್ರವಿಷಯಗಳು ಕನ್ನಡಕ್ಕೆ ಒಗ್ಗವೆಂಬ ಶಂಕೆಯನ್ನು ಪರಿಹರಿಸಿದರು. 1997ರ ಡಿಸೆಂಬರಿನಲ್ಲಿ ಅವರು ದಿವಂಗತರಾದರು. ಮರುವರ್ಷವೇ, ದೂರದಲ್ಲಿ ಸಿಡಿದ ಮಹಾನವ್ಯಗಳು ಎಣಿಸಿದುದಕ್ಕಿಂತ ಮಂದವಾಗಿ ತೋರುವುದನ್ನು ಕಂಡು, ವಿಶ್ವವಿಸ್ತರಣದ ವೇಗವು ಹೆಚ್ಚುತ್ತಿರುವುದೆಂದು ಎರಡು ವಿದ್ವದ್ಗಣಗಳು ಸಾರಿದುವು. ಇದಕ್ಕೆ ಕಾರಣವೆಂದು ಊಹಿಸಲ್ಪಟ್ಟ, ವಿಶ್ವದ ಸಮಸ್ತ ದ್ರವ್ಯಶಕ್ತಿಗಳಲ್ಲಿ ನೂರಕ್ಕೆ ಸುಮಾರು 68 ಪಾಲಾದ ತತ್ತ್ವಕ್ಕೆ ಕನ್ನಡದಲ್ಲಿ ‘ಕಪ್ಪು ಶಕ್ತಿ’ಯೆಂಬ ಹೆಸರು ಬಳಕೆಗೆ ಬಂದಿದೆ.

ಈ ಹೆಸರು ವಿಚಾರಾರ್ಹವಾದುದು. ಕಪ್ಪಾದುದು ಬೆಳಕನ್ನು ನುಂಗುವುದು. ಇದಾದರೋ ಬೆಳಕನ್ನು ತಡೆಯದು. ‘ತಮಸ್ಸು’ ಎಂದರೆ ಗುಣತ್ರಯದ ವಾಸನೆಯೂ ‘ಅವ್ಯಕ್ತ’ವೆಂದರೆ ಸಾಂಖ್ಯರ ಪ್ರಕೃತಿಯೂ ಒಳನುಗ್ಗುವುವು. ‘ಅಗೋಚರ ಶಕ್ತಿ’ಯೆಂಬುದೇ ಅರ್ಥಕ್ಕೆ ಹೆಚ್ಚು ಸಮೀಪವಾದುದು.

ಇನ್ನು ‘ಬ್ರಹ್ಮಾಂಡ’. ಬೃಹ್ ಧಾತುವಿಗೆ ವೃದ್ಧಿಯೆಂಬ ಅರ್ಥವಿರುವುದರಿಂದ ಪ್ರಾಚೀನರು ಈ ವಿಸ್ತರಣವನ್ನು ಬಲ್ಲವರಾಗಿದ್ದರೆಂದು ಹೇಳುವುದುಂಟು. ಇದು ಅಭಿಮಾನದ ಮಾತು. ಅಂಡಕ್ಕೆ ಕವಚವುಂಟು, ವಿಶ್ವಕ್ಕೆ ಅಂಚನ್ನು ಯಾರೂ ಕಂಡಿಲ್ಲ. ಧಾತ್ವರ್ಥದಿಂದ ಶಬ್ದದ ಹುಟ್ಟು ತಿಳಿಯುವುದಲ್ಲದೆ ನಕ್ಷತ್ರಗಳ ಗತಿ ತಿಳಿಯದು.

ಆ ಶಕ್ತಿಯು ಸ್ಥಿರವೋ ಕಾಲಕ್ರಮದಲ್ಲಿ ಕ್ಷೀಣಿಸುವುದೋ ಎಂಬ ಚರ್ಚೆಯು 2024ರ ಈಚಿನ ಅಳತೆಗಳಿಂದ ಮತ್ತೆ ಎದ್ದಿರುವುದರಿಂದ, ಪಾರಿಭಾಷಿಕ ಪದವು ನಿರ್ಣಯವನ್ನು ಮೀರಿ ನುಡಿಯಬಾರದು. ಪುತ್ತೂರು, ಸುಳ್ಯ, ಕಡಬ ಸೀಮೆಗಳ ಅಧ್ಯಾಪಕರು ಕಾರಂತರ ಹೊತ್ತಗೆಗಳನ್ನು ಕೊಂಡಾಡಿದರೆ ಸಾಲದು; 1998ರಿಂದೀಚಿನ ಅಧ್ಯಾಯವನ್ನು ಅವರಂತೆಯೇ ತಿಳಿಗನ್ನಡದಲ್ಲಿ ಬರೆದು ಸೇರಿಸತಕ್ಕುದು.